ಕೆಂಪಾಜಮ್ಮ ಜಪ್ತಿ ಮಾಡಿದ ಚಡ್ಡಿ

ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೊಳ್ಳೇಗಾಲ ಪೇಟೆಯ ಒಂದಾನೊಂದು ಆಸ್ಪತ್ರೆಯ ಹಿಂಬದಿಯ ಅಂಟುರೋಗದ ಕೊಠಡಿಯಲ್ಲಿ, ಮೂರನೇ ಮಂಚದ ಹಾಲಿ ನಿವಾಸಿ ಬಂಡಳ್ಳಿಯ ಶ್ರೀ ಪುಟ್ಟಮಾದಯ್ಯ, ವಯಸ್ಸು ಎಂಟು, ಇವರಿಗೆ ಸೇರಿದ ಖಾಕಿ ಚಡ್ಡಿ ಒಂದನ್ನು, ಗುಂಡಿ ಕಿತ್ತುಹೋದ ಸ್ಥಿತಿಯಲ್ಲಿ, ಇಂದು ಬೆಳಗಿನ ಜಾವ ಮತ್ತೊಮ್ಮೆ ಜಪ್ತಿ ಮಾಡಲಾಗಿದೆ. ಸದರಿ ಚಡ್ಡಿಯನ್ನು ಬೀರುವಿನ ನೆತ್ತಿಯ ಮೇಲೆ ಇರಿಸಲಾಗಿದೆ. ತಕರಾರು ಇದ್ದವರು ಆಯಾ ಕೆಂಪಾಜಮ್ಮನವರನ್ನು ಕಾಣಬಹುದು. ಇದುವರೆಗೆ ಕಂಡವರಲ್ಲಿ ಗೆದ್ದವರು ಯಾರೂ ಇಲ್ಲ.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಪೇಪರಿನಲ್ಲಿ ಹೆಸರು ಬಂದರೆ ಯಾರಿಗಾದರೂ ವರ್ಗವಾಗುತ್ತದೆ. ಆಗುವುದು ತಪ್ಪು ಮಾಡಿದವರಿಗಂತೂ ಅಲ್ಲ.

ಹೊತ್ತು ಇನ್ನೂ ಸರಿಯಾಗಿ ಮೂಡಿಲ್ಲ. ಮರಡಿಗುಡ್ಡದ ನೆತ್ತಿಗೆ ಮಾತ್ರ ಬೆಳಕು ಹತ್ತಿದೆ. ಧನಗೆರೆಯಿಂದ ನಡೆದೇ ಬಂದ ಕೆಂಪಾಜಮ್ಮನವರ ಕಂಕುಳಲ್ಲಿ ಗೋಣಿತಾಟು ಸುತ್ತಿದ ಐಸುಗಡ್ಡೆ ಇದೆ. ಬಸ್ ಸ್ಟ್ಯಾಂಡಿನ ಐಸ್‌ಕ್ಯಾಂಡಿ ಮಿಲ್ಲಿನವನು ಬೆಳಗಿನ ಮೊದಲ ಗಡ್ಡೆಯನ್ನು ಇವರಿಗೆಂದೇ ಎತ್ತಿಟ್ಟಿರುತ್ತಾನೆ. ಆಸ್ಪತ್ರೆಗೆ ಫ್ರಿಜ್ಜು ಇದೆ, ಫ್ರಿಜ್ಜಿಗೆ ಕರೆಂಟು ಇಲ್ಲ. ಕರೆಂಟು ಇದ್ದ ದಿನ ಫ್ರಿಜ್ಜಿನ ಬೀಗದ ಕೈ ಇರುವುದಿಲ್ಲ. ಆದ್ದರಿಂದ ಗಂಟಲಮಾರಿಯ ವಿಷ ಇಳಿಸುವ ಸೀರಂ ಸೀಸೆಗಳು ಮರದ ಪೆಟ್ಟಿಗೆಯಲ್ಲಿ, ಹೊಟ್ಟಿನ ನಡುವೆ, ಕ್ಯಾಂಡಿ ಐಸಿನ ಜೊತೆ ಸಂಸಾರ ಮಾಡುತ್ತವೆ. ಈ ಸೀರಂ ಅನ್ನು ಕುದುರೆಯ ರಕ್ತದಿಂದ ತೆಗೆಯುತ್ತಾರೆ. ಆದರೆ ಇಂಡೆಂಟು ಹಾಕಿದ ಮೇಲೆ ಅದು ಬರುವ ನಡಿಗೆ ಮಾತ್ರ ಕತ್ತೆಯದು.

ಐಸು ಪೆಟ್ಟಿಗೆಗೆ ಸೇರಿಸಿ ಕೈ ಒರೆಸಿಕೊಂಡು ಕೆಂಪಾಜಮ್ಮ ಕೊಠಡಿಗೆ ಬಂದರೆ, ಮೂರನೇ ಮಂಚದ ಶ್ರೀಯುತರು ಕಿಟಕಿಯಿಂದ ಬಾಗಿ ಕಿತ್ತ ಬೇವಿನ ಕಡ್ಡಿಯಲ್ಲಿ ಬೀರುವಿನ ಮೇಲಿನ ಚಡ್ಡಿಯನ್ನು ಕೆಡವಿ, ಒಂದು ಕಾಲು ತೂರಿಸಿಯೂ ಆಗಿದೆ.

"ಬುಚ್ಚು ಅದ್ನ."

"ಅವ್ವಾ, ಒಂದ್ಸಲ ಕನವ್ವ. ಬಾಗ್ಲ ಗಂಟ ಓಗಿ ಬತ್ತೀನಿ." ಹುಡುಗನ ಮಾತೆಲ್ಲ ಮೂಗಿನಿಂದ ಬರುತ್ತದೆ. ರೋಗ ಗಂಟಲು ಬಿಟ್ಟು ಹೋಗುವಾಗ ಅಂಗುಳನ್ನು ಸೋಲಿಸಿ ಹೋಗಿದೆ. ಹಾಲು ಕುಡಿಸಿದರೆ ಮೂಗಲ್ಲಿ ಇಳಿಯುತ್ತದೆ, ಅದಕ್ಕೇ ಗಟ್ಟಿ ಗಂಜಿ.

"ಬಾಗ್ಲ ನೋಡ್ಬೇಕಾ? ಅದೋ ಅಲ್ಲೇ ಅದೆ, ನೋಡ್ಕ. ಅದೂ ನಿನ್ ನೋಡ್ತದೆ. ಮನಿಕ."

"ಎದ್ದು ಕುಂತ್ಕಳ್ಳದಾರೂ?"

"ಕುಂತ್ಕ. ನೀ ಕುಂತ್ರೆ ನಿನ್ ಚಡ್ಡೀನ ಗೇಟ್ತಾವ್ ನಾಯಿಗ್ ತೊಡುಸ್ತೀನಿ."

ಹುಡುಗ ಮಲಗುತ್ತಾನೆ. ಮೂರನೇ ಕ್ಲಾಸು ಓದುವವನು. ಅಂಗಿಯೊಂದರಲ್ಲೇ ವರಾಂಡಕ್ಕೆ ಓಡುವ ವಯಸ್ಸು ದಾಟಿದೆ, ಮಾನದ ಪ್ರಶ್ನೆ. ಕೆಂಪಾಜಮ್ಮನವರ ಇಡೀ ವೈದ್ಯಶಾಸ್ತ್ರ ಆ ಮಾನದ ಮೇಲೆ ನಿಂತಿದೆ.

ಮಲಗಿಸುವುದು. ಇದೇ ಅವರ ಉದ್ಯೋಗ. ದೇಶದಲ್ಲಿ ಎದ್ದೇಳಿ, ಎದ್ದೇಳಿ ಎಂದು ಭಾಷಣ ಮಾಡುವವರಿಗೆ ಲೆಕ್ಕವಿಲ್ಲ, ಅವರಿಗೆ ಹಾರವೂ ಬೀಳುತ್ತದೆ. ಮಲಗಿ ಎಂದು ಬೆಳಗಿಂದ ಸಂಜೆವರೆಗೆ ಗಂಟಲು ಹರಿದುಕೊಳ್ಳುವ ಈ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು 'ಮನಿಗಿಸೋ ಮಾರಿ'. ಗಂಟಲಮಾರಿ ಬಿಟ್ಟರೂ ಮನಿಗಿಸೋ ಮಾರಿ ಬಿಡಳು ಎಂಬುದು ವಾರ್ಡಿನ ಗಾದೆ.

ಗಂಟಲಮಾರಿ ಎರಡು ಬಾಗಿಲಲ್ಲಿ ನುಗ್ಗುವ ಕಳ್ಳ. ಮೊದಲು ಗಂಟಲಿಗೆ ಬರುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಜ್ವರ, ಊದಿದ ಕುತ್ತಿಗೆ, ಗೊರಗೊರ ಉಸಿರು. ಊರೆಲ್ಲ ಅಳುತ್ತದೆ. ಆಮೇಲೆ ಅದರ ವಿಷ ಸದ್ದಿಲ್ಲದೆ ಎದೆಗಿಳಿದು ಕೂರುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಗಂಟಲು ತಿಳಿಯಾಗಿ, ಮಗು ನಗುತ್ತಾ ಗಂಜಿ ಕುಡಿಯುವ ದಿನಗಳಲ್ಲೇ ಎದೆ ದಣಿದಿರುತ್ತದೆ. ಆಗ ಎದ್ದು ಓಡಿದರೆ ಮುಗಿಯಿತು. ವಾರಗಟ್ಟಲೆ ಮಲಗಿರಬೇಕು. ಇದನ್ನು ಡಾಕ್ಟರು ಕಲಿಸಿಕೊಟ್ಟರು. ಮಾಂಬಳ್ಳಿಯ ಶಿವರತ್ನ ಮನದಟ್ಟು ಮಾಡಿಸಿದಳು.

ಶಿವರತ್ನಳ ಕತೆ ಹಳೆಯದು. ಗಂಟಲು ಸರಿಹೋಯಿತು, ಇನ್ನೇಕೆ ಎಂದು ಮನೆಯವರು ಹಠ ಹಿಡಿದು ಕರೆದುಕೊಂಡು ಹೋದರು. ಮಾಂಬಳ್ಳಿಯಲ್ಲಿ ಬಸ್ಸಿಳಿದ ಹುಡುಗಿ ಮನೆವರೆಗೂ ನಡೆದಳು. ಅಂಗಳದಲ್ಲಿ ತಮ್ಮನ ಜೊತೆ ಕುಂಟಾಬಿಲ್ಲೆ ಆಡಿದಳು. ಬಾಯಾರಿತು, ನೀರು ಕೇಳಿದಳು. ನೀರು ತರುವಷ್ಟರಲ್ಲಿ ಅವಳು ಇರಲಿಲ್ಲ.

"ಓಗೋ ದಿನ ನಾನೇ ಅವ್ಳಿಗೆ ತಲೆ ಬಾಚಿ, ಎರಡ್ ಜಡೆ ಎಣ್ದು, ಲಂಗ ಉಡ್ಸಿ ಕಳ್ಸಿದ್ದು ಸಾ," ಎನ್ನುತ್ತಾರೆ ಕೆಂಪಾಜಮ್ಮ. "ಅವತ್ತಿಂದ ಯಾವ್ ಐಕ್ಳಿಗೂ ಬಟ್ಟೆ ಕೊಡಕಿಲ್ಲ."

ಇಷ್ಟು ಹೇಳಿ ಅವರು ಬಕೀಟು ಎತ್ತಿಕೊಂಡು ಫಿನಾಯಿಲು ಹಾಕಲು ಹೋಗುತ್ತಾರೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಇವರು ಕೆಲಸಕ್ಕೆ ಸೇರಿದ್ದು ಐವತ್ತಾರರಲ್ಲಿ, ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ಕಾಲಕ್ಕೆ. "ಊರ್ಗೂರೇ ಕೊಯಮತ್ತೂರಿಂದ ಮೈಸೂರ್ಗೆ ವರ್ಗ ಆಗೋಯ್ತು. ನಾ ಮಾತ್ರ ಇದೇ ವಾರ್ಡಲ್ಲೇ ಇವ್ನಿ," ಎಂದು ನಗುತ್ತಾರೆ. ಅಂದು ಟೆಂಪರ್ವರಿ, ಇಂದಿಗೂ ಟೆಂಪರ್ವರಿ. ಕೆಲಸ ಕಾಯಂ ಆಗಲಿಲ್ಲ, ಕಾಯುವುದು ಮಾತ್ರ ಕಾಯಂ ಆಯಿತು. ಮಂಚಗಳೂ ಮದರಾಸಿನ ಕಾಲದವೇ. ರಾಜ್ಯದ ಹೆಸರು ಬದಲಾಯಿಸುವ ಮಾತು ಈಗ ಪೇಪರಿನ ತುಂಬ ನಡೆಯುತ್ತಿದೆ, ಮೂರನೇ ಮಂಚದ ಮುರುಕು ಕಾಲು ಬದಲಾಯಿಸುವ ಮಾತು ಎಲ್ಲೂ ನಡೆದಿಲ್ಲ. ಸದ್ಯಕ್ಕೆ ಅದು ಎರಡು ಇಟ್ಟಿಗೆಯ ಮೇಲೆ ಆಡಳಿತ ನಡೆಸುತ್ತಿದೆ.

ಪುಟ್ಟಮಾದ ಬಂದು ಮೂರು ವಾರವಾಗಿದೆ. ಬಂದ ದಿನದ ಕತೆ ಕೇಳಿದರೆ ಕೆಂಪಾಜಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಗಂಟಲು ನೋವೆಂದಾಗ ಊರಿನಲ್ಲಿ ಕಿರುನಾಲಿಗೆ ಬಿದ್ದಿದೆ ಎಂದರು. ಬಿದ್ದದ್ದನ್ನು ಎತ್ತಬೇಕಲ್ಲ, ಬೆರಳಿಗೆ ಉಪ್ಪು ಮೆಣಸು ಹಚ್ಚಿ ಎತ್ತಿದರು. ಒಳಗೆ ಬೂದಿ ಬಣ್ಣದ ಪೊರೆ ಕಂಡಿತು, ಅದನ್ನೂ ಬಟ್ಟೆ ಸುತ್ತಿದ ಬೆರಳಲ್ಲಿ ಉಜ್ಜಿದರು. ರಕ್ತ ಬಂತು. ಕುತ್ತಿಗೆ ಊದಿತು, ಮಂಗನಬಾವು ಎಂದು ಲೇಪ ಬಳಿದರು. ಉಸಿರು ಗೊರಗುಟ್ಟಿದ ಮೇಲೆ ಬಸ್ಸಿಗೆ ಕೈ ತೋರಿಸಿದರು.

ಡಾಕ್ಟರ್ ಶಿವರುದ್ರಸ್ವಾಮಿ ವಯಸ್ಸಿನಲ್ಲಿ ಸಣ್ಣವರು, ಸುಸ್ತಿನಲ್ಲಿ ದೊಡ್ಡವರು. ಅವರು ಬ್ಯಾಟರಿ ಬಿಟ್ಟು, ಚಮಚದ ಹಿಡಿಯಲ್ಲಿ ನಾಲಿಗೆ ಒತ್ತಿ ನೋಡಿದರು. ಕೆಂಪಾಜಮ್ಮ ತಲೆ ಹಿಡಿದಿದ್ದರು. ಪೊರೆ ಗಂಟಲಿನ ಎರಡೂ ಕಡೆ ಕಚ್ಚಿಕೊಂಡಿತ್ತು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಗಂಟಲು ಒರೆಸಿ, ಗಾಜಿನ ನಳಿಕೆಗೆ ಇಳಿಸಿ, ಪರೀಕ್ಷೆಗೆಂದು ಬಸ್ ಕಂಡಕ್ಟರ ಕೈಯಲ್ಲಿ ಮೈಸೂರಿಗೆ ಕಳಿಸಿದರು. ಉತ್ತರಕ್ಕೆ ಕಾಯಲಿಲ್ಲ. ಕಾಯ್ದಿದ್ದರೆ ಉತ್ತರ ಓದಲು ಹುಡುಗ ಇರುತ್ತಿರಲಿಲ್ಲ. ಒಂದು ಹನಿ ಸೀರಂ ತೋಳಿಗೆ ಚುಚ್ಚಿ, ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡಿ, ಒಗ್ಗಿದ ಮೇಲೆ ಪೂರ್ತಿ ಕೊಟ್ಟರು, ಜೊತೆಗೆ ಪೆನ್ಸಿಲಿನ್. ಗಂಟಲಮಾರಿ ಹೌದು ಎಂಬ ಮೈಸೂರಿನ ಉತ್ತರ ಬಂದ ದಿನ ಹುಡುಗ ಪೊರೆ ಕಳಚಿಕೊಂಡು, ಬಸ್ಸುಗಳ ಹಾರನ್ ಕೇಳಿಯೇ ಇದು ಹನೂರಿನದು, ಇದು ಯಳಂದೂರಿನದು ಎಂದು ಹೇಳುತ್ತಾ ಮಲಗಿದ್ದ.

ಇದೆಲ್ಲ ಬೇಕೇ ಆಗಿರಲಿಲ್ಲ. ಕೆಂಪಾಜಮ್ಮನವರಿಗೆ ಸಿಟ್ಟು ಬರುವುದು ಇಲ್ಲಿಯೇ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿ ತ್ರಿಬಲ್ ಇಂಜೆಕ್ಷನ್ ಇದೆ. ಅದನ್ನು ಹಾಕಲು ಹೋದ ವರ್ಷ ಜೀಪಿನಲ್ಲಿ ಬಂಡಳ್ಳಿಗೆ ಇವರೇ ಹೋಗಿದ್ದರು. ಜೀಪು ಕಂಡ ತಕ್ಷಣ ಗಂಡಸರ ಆಪರೇಶನ್ನಿನ ಜೀಪು ಬಂತೆಂದು ಊರು ಖಾಲಿಯಾಯಿತು. ಗಂಡಸರು ಜೋಳದ ಹೊಲಕ್ಕೆ, ಗಂಡಸರ ಹಿಂದೆ ಹೆಂಗಸರು, ಹೆಂಗಸರ ಸೊಂಟದಲ್ಲಿ ಮಕ್ಕಳು. ಚಾವಡಿಯಲ್ಲಿ ಒಂದು ಕುಂಟ ಮೇಕೆ ಉಳಿದಿತ್ತು. ಪುಟ್ಟಮಾದನ ತಾತ ಕೆಂಚಯ್ಯ ಎಲ್ಲರಿಗಿಂತ ಮುಂದೆ ಓಡಿದವರು.

"ಅರ್ವತ್ ದಾಟವೆ, ನಿಮ್ಗ್ಯಾಕಣ್ಣ ಆಪ್ರೇಸನ್ನು?" ಎಂದು ಕೆಂಪಾಜಮ್ಮ ಆಮೇಲೆ ಅವರನ್ನೇ ಕೇಳಿದ್ದುಂಟು.

"ಎಲ್ರೂ ಓಡೋವಾಗ ನಾ ಒಬ್ಬ ನಿಂತ್ರೆ, ಇವ್ನಿಗ್ ಬೇಕಾಗಿಲ್ಲ ಅಂದ್ಕತಾರೆ ಕನವ್ವ," ಎಂದಿದ್ದರು ಕೆಂಚಯ್ಯ.

ಇನ್ನು ಊಟದ ಸಂಗತಿ. ಈ ಕೊಠಡಿಯ ಮಕ್ಕಳಿಗೆ ದಿನಾ ಗಂಜಿ, ಹಾಲು, ಒಂದು ಮೊಟ್ಟೆ ಕೊಡತಕ್ಕದ್ದು ಎಂದು ಡಾಕ್ಟರ ಆಜ್ಞೆ. ಊಟದ ಕಂಟ್ರಾಕ್ಟು ಪೇಟೆಯ ಹೋಟೆಲಿನ ಷಡಕ್ಷರಿ ಸಾಹುಕಾರರದು. ಗಂಜಿ ಬರುತ್ತದೆ. ಹಾಲು ಬರುತ್ತದೆ, ಹಾಲೆಂದು ಹೇಳದಿದ್ದರೆ ಗೊತ್ತಾಗುವುದಿಲ್ಲ. ಮೊಟ್ಟೆಗೆ ಟೆಂಡರು ಕರೆದು ವರ್ಷವಾಯಿತು, ಎಷ್ಟು ಕರೆದರೂ ಮೊಟ್ಟೆ ಓಗೊಟ್ಟಿಲ್ಲ. ಬಿಲ್ಲಿನಲ್ಲಿ ಮಾತ್ರ ಅದು ದಿನಾ ಬೆಳಿಗ್ಗೆ ತಪ್ಪದೆ ಬೇಯುತ್ತದೆ. ಡಾಕ್ಟರು ಎರಡು ಸಲ ಮೇಲಕ್ಕೆ ಬರೆದರು. ಸಾಕ್ಷಿ ಕೊಡಿ ಎಂದು ಮೇಲಿನಿಂದ ಉತ್ತರ ಬಂತು. ಇಲ್ಲದ ಮೊಟ್ಟೆಗೆ ಸಾಕ್ಷಿ ಎಲ್ಲಿಂದ ತರುವುದು? ಕೆಂಪಾಜಮ್ಮ ಮನೆಯಿಂದಲೇ ತರೋಣವೆಂದರೆ, ಇದ್ದ ಎರಡು ಕೋಳಿಯನ್ನು ಕೊಕ್ಕರೆ ರೋಗ ಕೊಂಡೊಯ್ದಿದೆ.

"ಅವ್ವಾ, ಮೊಟ್ಟೆ ಬಂತಾ?" ಇದು ಪುಟ್ಟಮಾದನ ದಿನದ ಸುಪ್ರಭಾತ.

"ಕೋಳಿ ಇನ್ನೂ ಯೋಚ್ನೆ ಮಾಡ್ತಾ ಕುಂತದೆ ಕನ ಮಗ. ಮನಿಕ."

ಅಂಟುರೋಗವಾದ್ದರಿಂದ ಮನೆಯವರಿಗೆ ಒಳಗೆ ಪ್ರವೇಶವಿಲ್ಲ. ಅಜ್ಜಿ ಚೆಲುವಮ್ಮ ಮೂರು ವಾರದಿಂದ ಅಂಗಳದ ಬೇವಿನ ಮರದಡಿ ಮೂರು ಕಲ್ಲು ಹೂಡಿಕೊಂಡು ಇದ್ದಾರೆ. ಒಳಗೆ ಮೊಮ್ಮಗ ಏನು ತಿಂದ, ಏನು ಕುಡಿದ ಎಂಬುದು ಅಲ್ಲಿಗೆ ಕಾಣದು. ಇವತ್ತು ಬೆಳಿಗ್ಗೆ ಕೆಂಪಾಜಮ್ಮ ಫಿನಾಯಿಲಿನ ನೀರು ಚೆಲ್ಲಲು ಹೊರಗೆ ಬಂದಾಗ ಚೆಲುವಮ್ಮ ತಲೆಗೆ ನೀರು ಹಾಕಿಕೊಂಡು, ಅರಿಶಿನದ ಸೀರೆ ಉಟ್ಟು ನಿಂತಿದ್ದರು.

"ಇವತ್ತು ನಮ್ಮೋರು ಬತ್ತಾರೆ ಕನವ್ವ, ನಮ್ ಐದನ್ನ, ಮೊಮ್ಮಗುನ್ನ, ಕರ್ಕಂಡೋಗಕ್ಕೆ."

"ಎಲ್ಲಿಗೆ?"

"ಬೆಟ್ಟಕ್ಕೆ. ಇನ್ ಮೂರ್ ದಿನುಕ್ಕೆ ಅಮಾಸೆ ಅದಲ್ವಾ."

ವಿಷಯ ಏನೆಂದರೆ, ಹುಡುಗನ ಉಸಿರು ಗೊರಗುಡುತ್ತಿದ್ದ ಆ ದಿನ ಚೆಲುವಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಮಗು ಉಳಿದರೆ ಮುಂದಿನ ಅಮಾವಾಸ್ಯೆಗೆ, ಈ ಬಾಗಿಲಿಂದ ನಿನ್ನ ಬಾಗಿಲವರೆಗೆ, ಅವನ ಕಾಲಮೇಲೇ ನಡೆಸಿಕೊಂಡು ಬರುತ್ತೇನೆ. ಇಲ್ಲಿಂದ ಹನೂರು, ಹನೂರಿಂದ ಕಾಡು, ಕಾಡಿಂದ ಬೆಟ್ಟ. ಗಟ್ಟಿ ಆಳಿಗೇ ಮೂರು ದಿನದ ಹಾದಿ. ಬಸ್ಸು ಹೋಗುತ್ತದೆ, ಹರಕೆ ಬಸ್ಸು ಹತ್ತುವುದಿಲ್ಲ.

"ಮನೆ ಮಂದಿಯೆಲ್ಲ ಅರ್ಕೆ ಒತ್ತ ದಿನ್ದಿಂದ ನೇಮ ಇಡ್ದಿವಿ. ನಡೆಯೋ ಒಬ್ರೂ ಬಾಡು ಮುಟ್ಟಿಲ್ಲ, ಬಾಡಿನ್ ಮಡಕೆ ಕೂಡ ಅಟ್ಟಕ್ ಆಕಿವಿ," ಎಂದು ಚೆಲುವಮ್ಮ ಹೆಮ್ಮೆಯಿಂದ ಹೇಳಿದರು. ಬಾಡೆಂದರೆ ಮಾಂಸ. ಈ ಮನೆತನದ ಕಟ್ಟು ಬಿಗಿಯಾದದ್ದು, ಬೆಟ್ಟಕ್ಕೆ ನಡೆಯುವವರು ಹರಕೆ ಹೊತ್ತ ದಿನದಿಂದ ಅದು ತೀರುವವರೆಗೆ ಅದನ್ನು ಬಾಯಿಗಿಡುವಂತಿಲ್ಲ. ಇಟ್ಟವರು ನಡೆಯುವಂತಿಲ್ಲ.

ಕೆಂಪಾಜಮ್ಮ ಖಾಲಿ ಬಕೀಟನ್ನು ನೆಲಕ್ಕೆ ಇಟ್ಟರು. ಆಮೇಲೆ ಹೇಳಿದರು: "ನಾನೂ ಮಾದಪ್ಪನ್ ಒಕ್ಲೇ ಕನವ್ವ. ವರ್ಸಾವರ್ಸ ನಡ್ದು ಓಯ್ತೀನಿ. ಮಾದಪ್ಪ ಕಾಯ್ತನೆ. ಅವ್ನು ಬೆಟ್ಟ ಬುಟ್ಟು ಎಲ್ಗೂ ಓಗಕಿಲ್ಲ. ಐದನ್ ಎದೆ ಕಾಯಕಿಲ್ಲ."

"ಮಾತ್ ಕೊಟ್ಟಿವ್ನಿ ಕನವ್ವ. ನಾ ತಪ್ಪುದ್ರೆ ಅವ್ನು ನನ್ ಮುಟ್ಟಕಿಲ್ಲ. ಐದನ್ನೇ ಮುಟ್ತಾನೆ," ಎಂದರು ಚೆಲುವಮ್ಮ. ಅವರ ಕಣ್ಣಲ್ಲಿ ಇದ್ದದ್ದು ಹಠವಲ್ಲ, ಹೆದರಿಕೆ. ಹೆದರಿಕೆಯ ಜೊತೆ ವಾದ ಮಾಡುವುದು ಹೇಗೆಂದು ಯಾವ ಡಾಕ್ಟರೂ ಕೆಂಪಾಜಮ್ಮನಿಗೆ ಕಲಿಸಿಕೊಟ್ಟಿಲ್ಲ.

ಬಿಸಿಲು ಏರುವ ಹೊತ್ತಿಗೆ ಜಾಗಟೆ ಕೇಳಿತು. ಬಂಡಳ್ಳಿಯ ಇಪ್ಪತ್ತು ಮೂವತ್ತು ಜನ, ಅರಿಶಿನದ ಬಟ್ಟೆ, ಹೆಗಲಿಗೆ ಬುತ್ತಿ ಗಂಟು, ಮುಂದೆ ತಾತ ಕೆಂಚಯ್ಯ. ಆಪರೇಶನ್ ಜೀಪು ಕಂಡಾಗ ಓಡಿದ ವೇಗದಲ್ಲೇ ಈಗ ಆಸ್ಪತ್ರೆಗೆ ನುಗ್ಗಿದರು. ಹರಕೆಯ ಜನವನ್ನು ತಡೆಯುವ ಧೈರ್ಯ ಗೇಟಿನವನಿಗೆ ಇಲ್ಲ. ಅವನೂ ಕೈ ಮುಗಿದು ದಾರಿ ಬಿಟ್ಟ.

ಡಾಕ್ಟರು ವರಾಂಡಕ್ಕೆ ಬಂದು ನಿಂತರು. "ನೋಡಿ ಯಜಮಾನರೇ, ಹೃದಯದ ಸ್ನಾಯುಗಳು ಇನ್ನೂ ದುರ್ಬಲವಾಗಿವೆ. ಶ್ರಮವಾದರೆ ಪ್ರಾಣಾಪಾಯ. ಇನ್ನೂ ನಾಲ್ಕು ವಾರವಾದರೂ ಕದಲಿಸಬಾರದು."

ಕೆಂಚಯ್ಯ ಭಕ್ತಿಯಿಂದ ಕೇಳಿದರು. "ಆಗ್ಲಿ ಬುದ್ದಿ," ಎಂದರು. ತಿರುಗಿ ತಮ್ಮವರಿಗೆ, "ಬುದ್ದಿಯೋರು ಆಗ್ಲಿ ಅಂದ್ರು. ಜಾಗ್ಟೆ ಬಾರುಸ್ರಲೋ," ಎಂದರು.

"ಆಗಲಿ ಅಂದದ್ದು ನಾ... ಯಾರ್ರೀ? ನೀವು!" ಡಾಕ್ಟರಿಗೆ ನಾಲಿಗೆ ತೊಡರಿತು.

"ಬುದ್ದಿ, ಗಂಟ್ಲು ತಿಳಿಯಾಗದೆ, ಜರ ಬುಟ್ಟದೆ, ಗಂಜಿ ಕುಡೀತಾನೆ. ಇನ್ನೇನ್ ಉಳ್ದದೆ? ನೀವು ಸೂಜಿ ಚುಚ್ಚಿ ನಿಮ್ ಪಾಲಿನ್ ಕೆಲ್ಸ ಮಾಡುದ್ರಿ. ಮಾದಪ್ಪ ಅವ್ನ್ ಪಾಲಿಂದು ಮಾಡ್ದ. ನಮ್ ಪಾಲಿಂದು ನಾವ್ ತೀರುಸ್ಬ್ಯಾಡ್ವಾ?"

"ಹೆಗಲ ಮೇಲಾದರೂ ಹೊತ್ತುಕೊಂಡು ಹೋಗಿ."

"ನಡುಸ್ತೀವಿ ಅಂದಿರಾದು ಬುದ್ದಿ. ಒರ್ತೀವಿ ಅಂತ ಅಂದಿಲ್ಲ."

ಕೆಂಪಾಜಮ್ಮ ಬಾಗಿಲಿಗೆ ಅಡ್ಡ ನಿಂತರು. "ಚಡ್ಡಿ ಇಲ್ಲ," ಎಂದರು. "ನನ್ ವಶ್ದಲ್ಲಿ ಅದೆ. ಕೊಡಕಿಲ್ಲ."

ಚೆಲುವಮ್ಮ ಸೆರಗಿನ ಗಂಟು ಬಿಚ್ಚಿದರು. ಒಳಗಿಂದ ಹೊಸ ಚಡ್ಡಿ ಬಂತು. ಅರಿಶಿನದಲ್ಲಿ ಅದ್ದಿದ್ದು, ಗುಂಡಿಯೂ ಇದ್ದದ್ದು. ಹದಿನೇಳು ವರ್ಷದ ಅನುಭವ, ವಾರ್ಡಿನ ಏಕೈಕ ಅಸ್ತ್ರ, ಒಂದು ಮೊಳ ಬಟ್ಟೆಯ ಮುಂದೆ ಸೋತಿತು. ಒಳಗೆ ಪುಟ್ಟಮಾದ ಜಾಗಟೆ ಕೇಳಿ ಎದ್ದು ಕುಳಿತು, ಇಟ್ಟಿಗೆ ಕಾಲಿನ ಮಂಚದಿಂದ ಎರಡೂ ಕಾಲು ಇಳಿಬಿಟ್ಟಿದ್ದ. ಕೆಂಪಾಜಮ್ಮ ಓಡಿಹೋಗಿ ಅವನನ್ನು ತಿರುಗಿ ಮಲಗಿಸಿ, ತೋಳಿಂದ ಒತ್ತಿ ಹಿಡಿದರು. ಅವನ ಎದೆ ಅವರ ಅಂಗೈ ಅಡಿಯಲ್ಲಿ ಬಲೆಗೆ ಬಿದ್ದ ಗುಬ್ಬಚ್ಚಿಯ ಹಾಗೆ ಬಡಿಯುತ್ತಿತ್ತು. ಎದ್ದು ಕುಳಿತಿದ್ದಕ್ಕೇ ಇಷ್ಟು.

ಇಂಥ ಹೊತ್ತಿನಲ್ಲಿ, ತಿಂಗಳ ಬಿಲ್ಲಿಗೆ ಡಾಕ್ಟರ ರುಜು ಹಾಕಿಸಿಕೊಳ್ಳಲು ಬಂದಿದ್ದ ಷಡಕ್ಷರಿ ಸಾಹುಕಾರರು ಬೆಂಚಿನಿಂದ ಎದ್ದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ನಾಲ್ಕು ಜನ ಸೇರಿದ ಕಡೆ ಒಂದು ಮಾತು ಆಡದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ.

"ಹೋಗ್ಲಿ ಬಿಡಿ ಡಾಕ್ಟ್ರೇ, ದೇವರ ಕೆಲಸ. ಹುಡುಗ ನಮ್ಮ ಅನ್ನ ತಿಂದು ಕಲ್ಲುಗುಂಡು ಆಗಿದ್ದಾನೆ. ನಾವೇನು ಕಮ್ಮಿ ಮಾಡಿದ್ದೀವಿ? ದಿನಾ ಗಂಜಿ, ದಿನಾ ಹಾಲು..."

ಅವರು ನಿಲ್ಲಿಸಿದರು. ಬಿಲ್ಲು ಡಾಕ್ಟರ ಕೈಯಲ್ಲೇ ಇತ್ತು.

ಮಂಚದ ಬಳಿಯಿಂದ ಕೆಂಪಾಜಮ್ಮನ ದನಿ ಬಂತು, ಬಹಳ ವಿನಯದಿಂದ. "ದಿನಾ ಇನ್ನೂ ಏನೋ ಕೊಡ್ತಿದ್ರಲ್ಲ ಬುದ್ದಿ? ಡಾಕ್ಟ್ರು ಬರೆದಿದ್ದು? ಮರ್ತೋಯ್ತಾ?"

ಷಡಕ್ಷರಿ ಡಾಕ್ಟರ ಮುಖ ನೋಡಿದರು. ಡಾಕ್ಟರು ಬಿಲ್ಲು ನೋಡಿದರು. ಬಿಲ್ಲಿನಲ್ಲಿ ಮೊಟ್ಟೆ ಸಾಲಾಗಿ ಕುಳಿತು ಕಾವು ಪಡೆಯುತ್ತಿತ್ತು.

"ಮರೆಯೋದೇನು? ದಿನಾ ಒಂದು ಮೊಟ್ಟೆ," ಎಂದರು ಷಡಕ್ಷರಿ, ಕೊಂಚ ಜೋರಾಗಿಯೇ.

ಜಾಗಟೆ ನಿಂತಿತು.

"ಏನಂದ್ರಿ ಸಾವ್ಕಾರ್ರೇ?" ಚೆಲುವಮ್ಮನ ಕೈಯಲ್ಲಿ ಹೊಸ ಚಡ್ಡಿ ಹಾಗೇ ಉಳಿಯಿತು. "ಮೊಟ್ಟೆನಾ?"

"ಹೂಂ ಮತ್ತೆ. ಸರಕಾರದ ಮೊಟ್ಟೆ."

"ಇವತ್ತೂವೆ ಕೊಟ್ರಾ?" ಎಂದರು ಕೆಂಚಯ್ಯ.

ಷಡಕ್ಷರಿಯವರ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತ್ತು. ಇಲ್ಲವೆಂದರೆ ಇವತ್ತಿನ ಮೊಟ್ಟೆ ಬಿಲ್ಲಿನಿಂದ ಬಿದ್ದು ಒಡೆಯುತ್ತದೆ, ಅದರ ಹಿಂದೆ ತಿಂಗಳ ಬುಟ್ಟಿಯೇ ಉರುಳುತ್ತದೆ. "ಇವತ್ತೂ ಕೊಟ್ಟಿದ್ದೀವಿ. ಬೇಯಿಸಿ ಕೊಟ್ಟಿದ್ದೀವಿ."

ಮಂಚದ ಮೇಲೆ ಪುಟ್ಟಮಾದನ ಕಣ್ಣು ಅಗಲವಾಯಿತು. ಇಂಥ ಅನ್ಯಾಯ ಅವನು ಬಂಡಳ್ಳಿಯ ಶಾಲೆಯಲ್ಲೂ ಕಂಡಿರಲಿಲ್ಲ. ಹೇಳಲೆಂದು ಬಾಯಿ ತೆರೆದ. ತೆರೆದ ಬಾಯಿಗೆ ಕೆಂಪಾಜಮ್ಮ ಒಂದು ಚಮಚ ಗಟ್ಟಿ ಗಂಜಿ ಇಟ್ಟರು. "ನುಂಗ್ಬುಟ್ಟು ಮಾತಾಡು ಮಗ. ನೆತ್ತಿಗತ್ತದೆ," ಎಂದರು. ನುಂಗಿದ ಮೇಲೆ ಇನ್ನೊಂದು ಚಮಚ ಸಿದ್ಧವಿತ್ತು.

ಹೊರಗೆ ಪಂಚಾಯಿತಿ ಕೂತಿತು. ಮೊಟ್ಟೆ ಬಾಡು ಹೌದೋ ಅಲ್ಲವೋ?

"ಅದ್ರಲ್ಲಿ ಮೂಳೆ ಇಲ್ವಲ್ಲ," ಎಂದ ಒಬ್ಬ.

"ನಿನ್ ನಾಲ್ಗೇಲೂ ಮೂಳೆ ಇಲ್ಲ. ಅದು ಬಾಡಲ್ವಾ?" ಎಂದರು ಕೆಂಚಯ್ಯ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು. "ಬುಟ್ರೆ ಕೋಳಿ ಆಯ್ತದೆ. ಕೋಳಿ ಬಾಡು. ನೇಮ ಕೆಟ್ಟೋಯ್ತು. ನೇಮ ಕೆಟ್ಟೋನ್ನ ನಡುಸ್ಕಂಡು ಓದ್ರೆ ಅರ್ಕೆ ತೀರಕಿಲ್ಲ, ತಪ್ಪಾಯ್ತದೆ."

ಚೆಲುವಮ್ಮ ನೆಲಕ್ಕೆ ಕುಸಿದು ಕೂತರು. "ಮಾದಪ್ಪ ಮುನುಸ್ಕತಾನಲ್ಲಪ್ಪ."

ಕೆಂಪಾಜಮ್ಮ ಹೊರಬಂದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಯಾಕ್ ಮುನುಸ್ಕತಾನೆ? ನೀ ಮಾತ್ಗೆ ತಪ್ಪಿಲ್ವಲ್ಲವ್ವ, ಬಾಗ್ಲ ಗಂಟ ಬಂದು ನಿಂತಿದ್ದೀಯ. ಅವ್ನೇ ಮುಂದುಕ್ ಆಕವ್ನೆ. ಇವತ್ತಿಂದ ಐದನ್ಗೂ ನೇಮ ಇಡ್ಸು. ಈ ಅಮಾಸೆ ಓಗ್ಲಿ, ಮುಂದಿನ್ ಅಮಾಸೆಗೆ ಚೊಕ್ಕಟವಾಗಿ ಓಗಿ."

ಹೆದರಿಕೆಗೆ ಒಂದು ತಾರೀಕು ಸಿಕ್ಕಿತು. ಚೆಲುವಮ್ಮ ಕಣ್ಣೊರೆಸಿಕೊಂಡು ಎದ್ದು, ಷಡಕ್ಷರಿಗೆ ಕೈ ಮುಗಿದರು. "ಸಾವ್ಕಾರ್ರೇ, ನಿಮ್ ದಮ್ಮಯ್ಯ. ಮುಂದಿನ್ ಅಮಾಸೆ ಗಂಟ ನನ್ ಮೊಮ್ಮಗುನ್ಗೆ ಮೊಟ್ಟೆ ಕೊಡ್ಬೇಡಿ."

"ಏನೋ ನಿಮ್ಮ ಭಕ್ತಿಗೋಸ್ಕರ ನಿಲ್ಲಿಸ್ತೀನಮ್ಮ," ಎಂದರು ಷಡಕ್ಷರಿ, ದಾನ ಮಾಡಿದವರ ಮುಖ ಮಾಡಿ. ಕೆಂಪಾಜಮ್ಮ ಗೋಡೆಗೆ ತಲೆ ಒರಗಿಸಿದರು. ಕೊಡದೇ ಇದ್ದ ಮೊಟ್ಟೆಯನ್ನು ಕೊಡುವುದು ನಿಲ್ಲಿಸಿ ಪುಣ್ಯ ಕಟ್ಟಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಡಾಕ್ಟರು ಮಾತ್ರ ರುಜು ಹಾಕದೆ ಬಿಲ್ಲನ್ನು ವಾಪಸು ಕೊಟ್ಟರು. "ಮೊಟ್ಟೆ ನಿಂತಿತಲ್ಲ, ಬಿಲ್ಲಿನಲ್ಲೂ ನಿಲ್ಲಿಸಿ ತನ್ನಿ," ಎಂದರು.

ಬಂದ ಜನ ಸುಮ್ಮನೆ ಹಿಂದಿರುಗಲು ಕೆಂಪಾಜಮ್ಮ ಬಿಡಲಿಲ್ಲ. ಜೊತೆಯಲ್ಲಿ ಏಳೆಂಟು ಮಕ್ಕಳಿದ್ದವು, ಪುಟ್ಟಮಾದನ ಇಬ್ಬರು ತಂಗಿಯರೂ ಸೇರಿ. ಓಡಿ ಅಡಗಲು ಪೇಟೆಯಲ್ಲಿ ಜೋಳದ ಹೊಲವಿಲ್ಲ. ತ್ರಿಬಲ್ ಇಂಜೆಕ್ಷನ್ನಿನ ಟ್ರೇ ಬಂತು.

"ಸೂಜಿಗೆ ನೇಮ ಕೆಡ್ತದಾ?" ಎಂದರು ಕೆಂಚಯ್ಯ ಅನುಮಾನದಿಂದ.

"ಸೂಜಿ ಕಬ್ಬಿಣ ಕನಣ್ಣ, ಬಾಡಲ್ಲ. ತೋಳ್ ಇಡ್ಕಳಿ."

ಮಕ್ಕಳು ಅತ್ತವು, ಜಾಗಟೆ ಗೋಣಿಚೀಲ ಸೇರಿತು, ಜನ ಹನೂರು ಬಸ್ಸು ಹತ್ತಿದರು. ಎರಡನೇ ಸೂಜಿಗೆ ಇವರನ್ನು ಹಿಡಿದು ತರುವುದು ಹೇಗೆ ಎಂಬ ಚಿಂತೆ ಆಗಲೇ ಕೆಂಪಾಜಮ್ಮನ ತಲೆಗೆ ಹತ್ತಿದೆ. ಹೊಸ ಚಡ್ಡಿ ಹಳೆಯ ಚಡ್ಡಿಯ ಮೇಲೆ, ಬೀರುವಿನ ನೆತ್ತಿಯಲ್ಲಿ ಕುಳಿತಿದೆ. ಈ ಗುಟ್ಟನ್ನು ಪೇಪರಿನಲ್ಲಿ ಹಾಕಬಹುದೇ ಎಂದರೆ ಕೆಂಪಾಜಮ್ಮ ಯೋಚಿಸುವುದೇ ಇಲ್ಲ. "ಆಕಿ ಸಾ. ಬಂಡಳ್ಳಿಗೆ ಪೇಪ್ರು ಓಗಕಿಲ್ಲ. ಸಾವ್ಕಾರ್ರು ಪೇಪ್ರು ಓದಕಿಲ್ಲ, ಬೋಂಡ ಕಟ್ತಾರೆ."

ಸುಳ್ಳು ಹೇಳಿದಿರಲ್ಲ ಎಂದರೆ ಮುಖ ಗಂಟಾಗುತ್ತದೆ. "ನಾ ಎಲ್ ಹೇಳ್ದೆ ಸಾ? ನಾ ಕೇಳ್ದೆ. ಹೇಳ್ದೋರು ಅವ್ರು."

ಡಾಕ್ಟರಿಗೆ ಇರುವ ಅನುಮಾನ ಬೇರೆ. "ಮುಂದಿನ ಅಮಾವಾಸ್ಯೆಗೂ ಇವನ ಎದೆ ಅಷ್ಟು ದೂರ ನಡೆಯಲು ಒಪ್ಪದಿದ್ದರೆ ಏನು ಮಾಡ್ತೀಯಮ್ಮ?"

"ಕುದ್ರೆ ಅದಲ್ಲ ಸಾ," ಎನ್ನುತ್ತಾರೆ ಕೆಂಪಾಜಮ್ಮ. "ಬಂದ್ ದಿನ ಚುಚ್ಚಿದ್ ಆ ಸೂಜಿ ಕುದ್ರೆ ರಕ್ತದ್ದು, ಅದು ಐದನ್ ಮೈಲೇ ಅದೆ ಅಂತ ನಾ ಇನ್ನೂ ಅವ್ರಿಗೆ ಹೇಳಿಲ್ಲ. ಇವತ್ತು ಮೊಟ್ಟೆ ನಡೀದೆ ಇದ್ದಿದ್ರೆ ಕುದ್ರೆನೇ ಬುಡ್ತಿದ್ದೆ. ಇರ್ಲಿ, ಉಳ್ಕಂಡದೆ."

ಆಸೆ ಏನೆಂದರೆ ಒಂದೇ ಹೇಳುತ್ತಾರೆ. ಕೆಲಸ ಕಾಯಂ ಆಗಬೇಕು ಎಂದಲ್ಲ, ಅದನ್ನು ಅವರು ಬಿಟ್ಟು ಎಷ್ಟೋ ಕಾಲವಾಯಿತು. "ಡಾಕ್ಟ್ರು ಎದೆ ಕೇಳಿ ಹೂಂ ಅನ್ಲಿ. ಆಗ ಆ ಅರ್ಸಿನದ್ ಚಡ್ಡೀನ ನಾನೇ ಇಕ್ಕುಸಿ, ತಲೆ ಬಾಚಿ ಕಳುಸ್ತೀನಿ. ಒಂದ್ಸಲ ನನ್ ಕೈಯಾರ ಬಟ್ಟೆ ಆಕಿ ಕಳ್ಸಿದ್ ಐದ ತಿರ್ಗಾ ನಡ್ಕಂಡ್ ಬಂದು ಈ ಬಾಗ್ಲಲ್ಲಿ ನಿಂತ್ಕಬೇಕು."

ಸಂಜೆಯ ಗಂಜಿ ಬಂದಿದೆ. ಯಳಂದೂರಿನ ಬಸ್ಸು ಹಾರನ್ ಹಾಕಿ ಹೋಗುತ್ತದೆ. ಮೂರನೇ ಮಂಚದಿಂದ ಮೂಗಿನ ದನಿ ಏಳುತ್ತದೆ.

"ಅವ್ವಾ, ಮೊಟ್ಟೆ ಯಾವಾಗ್ ಬತ್ತದೆ?"

"ನೀ ತಿಂದಾಯ್ತಲ್ಲ ಮಗ. ಊರೋರೆಲ್ಲ ಒಪ್ಪವ್ರೆ. ಮನಿಕ."